ಎರಡು ಪೈ ಎಫ್ ಎಲ್: ಸುರುಳಿಯ ತಡೆ ಲೆಕ್ಕಕ್ಕೆ ಬಂದ ಬಗೆ

ಎ.ಸಿ. ಮಂಡಲದಲ್ಲಿ ತಂತಿಯ ಸುರುಳಿಯೊಂದು ಕರೆಂಟಿಗೆ ಒಡ್ಡುವ ತಡೆಗೆ ಇಂಡಕ್ಟಿವ್ ರಿಯಾಕ್ಟೆನ್ಸ್ ಎಂದು ಹೆಸರು. ಅದನ್ನು ಕಂಡುಕೊಳ್ಳುವ ಸೂತ್ರ ಇಂದು ಪಿ.ಯು.ಸಿ. ವಿದ್ಯಾರ್ಥಿಗೂ ಬಾಯಿಪಾಠ. ಎರಡು ಪೈ, ಆವೃತ್ತಿ, ಇಂಡಕ್ಟೆನ್ಸ್ ಇವಿಷ್ಟನ್ನು ಗುಣಿಸಿದರೆ ಉತ್ತರ ಓಮ್‌ಗಳಲ್ಲಿ ಸಿಗುತ್ತದೆ. ನಮ್ಮಲ್ಲಿ ಆವೃತ್ತಿ 50 ಹರ್ಟ್ಸ್ ಆದ್ದರಿಂದ ಎರಡು ಪೈ ಎಫ್ ಅಂದರೆ 314. ಪಾಲಿಟೆಕ್ನಿಕ್‌ನಲ್ಲಿ ಓದಿದವರು ಈ ಸಂಖ್ಯೆಯನ್ನು ಜೀವಮಾನವಿಡೀ ಮರೆಯುವುದಿಲ್ಲ. ಇಷ್ಟು ಸಣ್ಣ ಗುಣಾಕಾರ ಎಂಜಿನಿಯರುಗಳ ಕೈಗೆ ಬರಲು ಅರವತ್ತು ವರ್ಷ ಹಿಡಿಯಿತು. ಸುರುಳಿಯ ಗುಣ 1832ರಲ್ಲೇ ಅಚ್ಚಾಗಿತ್ತು, ಅದರ ಗಣಿತ 1868ರಲ್ಲಿ ಬರೆದಾಗಿತ್ತು. ಕಾರ್ಖಾನೆಯ ಮೇಜಿನ ಮೇಲೆ ಅದು ಸಾಮಾನ್ಯ ಅಂಕಗಣಿತವಾಗಿ ಕೂತದ್ದು 1893ರ ನಂತರ.

ಮೊದಲು ಕಣ್ಣಿಗೆ ಬಿದ್ದದ್ದು ಕಿಡಿ. ಅಮೆರಿಕದ ಆಲ್ಬನಿಯಲ್ಲಿ ಮೇಷ್ಟರಾಗಿದ್ದ ಜೋಸೆಫ್ ಹೆನ್ರಿ ದೊಡ್ಡ ವಿದ್ಯುತ್ಕಾಂತಗಳನ್ನು ಕಟ್ಟುತ್ತಿದ್ದರು. ಬ್ಯಾಟರಿಗೆ ಗಿಡ್ಡ ತಂತಿ ಜೋಡಿಸಿ ಬಿಡಿಸಿದರೆ ಕಿಡಿ ಕಾಣುತ್ತಿರಲಿಲ್ಲ. ಮೂವತ್ತು ನಲವತ್ತು ಅಡಿಯ ತಂತಿಯನ್ನು ಜೋಡಿಸಿ ಬಿಡಿಸಿದರೆ ಚಟ್ಟನೆ ಕಿಡಿ ಹಾರುತ್ತಿತ್ತು. ಅದೇ ತಂತಿಯನ್ನು ಸುರುಳಿ ಸುತ್ತಿದರೆ ಕಿಡಿ ಇನ್ನೂ ಜೋರಾಗುತ್ತಿತ್ತು. ಕರೆಂಟು ನಿಲ್ಲುವಾಗ ತಂತಿ ತನ್ನೊಳಗೇ ಹೊಸ ವೋಲ್ಟೇಜು ಹುಟ್ಟಿಸಿಕೊಳ್ಳುತ್ತದೆ ಎಂಬುದನ್ನು ಹೆನ್ರಿ 1832ರಲ್ಲಿ ಪ್ರಕಟಿಸಿದರು. ಇದೇ ಸ್ವಯಂಪ್ರೇರಣೆ, ಅದರ ಅಳತೆಯೇ ಇಂಡಕ್ಟೆನ್ಸ್. ವಿದ್ಯುತ್ ಪ್ರೇರಣೆಯನ್ನು 1831ರಲ್ಲಿ ಕಂಡುಹಿಡಿದಿದ್ದ ಮೈಕೆಲ್ ಫ್ಯಾರಡೆ ಲಂಡನ್ನಿನಲ್ಲಿ ಇದೇ ಸಂಗತಿಗೆ ತಮ್ಮದೇ ದಾರಿಯಿಂದ ಬಂದರು. ಹುಟ್ಟುವ ವೋಲ್ಟೇಜು ತನ್ನನ್ನು ಹುಟ್ಟಿಸಿದ ಬದಲಾವಣೆಯನ್ನೇ ಎದುರಿಸುತ್ತದೆ ಎಂಬ ನಿಯಮವನ್ನು ರಷ್ಯದಲ್ಲಿದ್ದ ಲೆನ್ಜ್ 1834ರಲ್ಲಿ ಕೊಟ್ಟರು.

ಇವರೆಲ್ಲ ಬಳಸಿದ್ದು ಬ್ಯಾಟರಿ. ಬ್ಯಾಟರಿಯ ಕರೆಂಟಿನಲ್ಲಿ ಸುರುಳಿಯ ಆಟ ಕಾಣುವುದು ಸ್ವಿಚ್ಚು ಒತ್ತಿದ ಗಳಿಗೆಯಲ್ಲಿ, ಮತ್ತೆ ಬಿಡಿಸಿದ ಗಳಿಗೆಯಲ್ಲಿ. ನಡುವೆ ಸುರುಳಿ ಬರೀ ತಾಮ್ರದ ತಂತಿ. ಹಾಗಾಗಿ ಅದನ್ನು ‘ತಡೆ’ ಎಂದು ಎಣಿಸುವ ಅಗತ್ಯ ಯಾರಿಗೂ ಬರಲಿಲ್ಲ. ಕರೆಂಟು ಬಿಡುವಿಲ್ಲದೆ ಹಿಂದೆಮುಂದೆ ಹರಿಯುವ ಕಡೆ ಮಾತ್ರ ಸುರುಳಿಯ ಎದುರೇಟಿಗೂ ಬಿಡುವಿರುವುದಿಲ್ಲ, ಅಂಥ ಯಂತ್ರಗಳು ಇನ್ನೂ ಪ್ರಯೋಗಶಾಲೆಯ ಆಟಿಕೆಗಳಾಗಿದ್ದವು.

ಅಂಥ ಒಂದು ಯಂತ್ರದಿಂದಲೇ ಗಣಿತ ಶುರುವಾಯಿತು. 1868ರ ಮಾರ್ಚಿನಲ್ಲಿ ಲಂಡನ್ನಿನ ವಿಲಿಯಂ ಗ್ರೋವ್ ಒಂದು ವಿಚಿತ್ರವನ್ನು ಜೇಮ್ಸ್ ಕ್ಲರ್ಕ್ ಮ್ಯಾಕ್ಸ್‌ವೆಲ್‌ರ ಮುಂದಿಟ್ಟರು. ಕೈಯಿಂದ ತಿರುಗಿಸುವ ಅಯಸ್ಕಾಂತದ ಯಂತ್ರದಿಂದ ಎ.ಸಿ. ಕರೆಂಟನ್ನು ಇಂಡಕ್ಷನ್ ಕಾಯಿಲ್‌ಗೆ ಕೊಟ್ಟಾಗ, ಮಂಡಲ ಪೂರ್ತಿ ಮುಚ್ಚಿದ್ದರೆ ಎರಡನೆಯ ಸುತ್ತಿನಲ್ಲಿ ಹೇಳಿಕೊಳ್ಳುವಂಥ ಕಿಡಿ ಇಲ್ಲ. ಮಂಡಲವನ್ನು ನಡುವೆ ಕಡಿದು ಆ ಜಾಗದಲ್ಲಿ ಕೆಪಾಸಿಟರ್ ಇಟ್ಟರೆ ಕಿಡಿ ಹಾರುತ್ತದೆ. ದಾರಿಯನ್ನು ಕಡಿದರೆ ಕರೆಂಟು ಹೆಚ್ಚುವುದುಂಟೇ? ಮ್ಯಾಕ್ಸ್‌ವೆಲ್ ಮರುದಿನವೇ ಗ್ರೋವ್‌ಗೆ ಪತ್ರ ಬರೆದರು, ಅದು ಆ ವರ್ಷವೇ ‘ಫಿಲಾಸಫಿಕಲ್ ಮ್ಯಾಗಜೀನ್’ನಲ್ಲಿ ಅಚ್ಚಾಯಿತು. ಸುರುಳಿಯ ಸ್ವಯಂಪ್ರೇರಣೆ ಭಾರವಾದ ವಸ್ತುವಿನ ಜಡತ್ವದ ಹಾಗೆ, ಕೆಪಾಸಿಟರ್ ಸ್ಪ್ರಿಂಗಿನ ಹಾಗೆ. ಭಾರವನ್ನು ಒಂದು ಸ್ಪ್ರಿಂಗಿಗೆ ಕಟ್ಟಿ ತಕ್ಕ ವೇಗದಲ್ಲಿ ಅಲುಗಿಸಿದರೆ ಸಣ್ಣ ಬಲಕ್ಕೂ ದೊಡ್ಡ ಓಲಾಟ ಬರುತ್ತದೆ ಎಂದು ಮೊದಲು ಮಾತಿನಲ್ಲಿ ವಿವರಿಸಿ, ಆಮೇಲೆ ಸಮೀಕರಣ ಬರೆದರು. ರೋಧ, ಸುರುಳಿ, ಕೆಪಾಸಿಟರ್ ಮೂರೂ ಸೇರಿದ ಎ.ಸಿ. ಮಂಡಲದಲ್ಲಿ ಕರೆಂಟು ಎಷ್ಟು ಎಂಬುದಕ್ಕೆ ಉತ್ತರ ಅಲ್ಲಿದೆ. ಸುರುಳಿಯ ಪಾಲು ಆವೃತ್ತಿಯ ಜೊತೆಗೆ ಏರುತ್ತದೆ, ಕೆಪಾಸಿಟರಿನ ಪಾಲು ಇಳಿಯುತ್ತದೆ, ಒಂದು ಇನ್ನೊಂದನ್ನು ಕಳೆಯುತ್ತದೆ. ಇಂದಿನ ಪಠ್ಯಪುಸ್ತಕದ ಅಧ್ಯಾಯ ಆ ಒಂದು ಪತ್ರಕ್ಕಿಂತ ಬಹಳ ಮುಂದೆ ಹೋಗಿಲ್ಲ.

ಪತ್ರವನ್ನು ಆಗ ಓದಿದವರಲ್ಲಿ ವಿದ್ಯುತ್ ಮಾರುವವರು ಯಾರೂ ಇರಲಿಲ್ಲ, ಏಕೆಂದರೆ ಮಾರುವ ವಿದ್ಯುತ್ತೇ ಇರಲಿಲ್ಲ. ಹತ್ತು ವರ್ಷದೊಳಗೆ ಪರಿಸ್ಥಿತಿ ಬದಲಾಯಿತು. 1870ರ ದಶಕದ ಕೊನೆಗೆ ಪ್ಯಾರಿಸ್ಸಿನ ಬೀದಿಗಳಲ್ಲಿ ಯಾಬ್ಲಚ್‌ಕಾಫ್ ದೀಪಗಳು ಉರಿಯತೊಡಗಿದವು, ಅವಕ್ಕೆ ಎ.ಸಿ. ಬೇಕಿತ್ತು. ಅಲ್ಲಿನ ಜೂಲ್ ಝೂಬೇರ್ ಆಲ್ಟರ್ನೇಟರ್‌ಗಳನ್ನು ಅಳೆದು, ಯಂತ್ರದ ಸುರುಳಿಗಳ ಸ್ವಯಂಪ್ರೇರಣೆಯೇ ಕರೆಂಟಿಗೆ ಮಿತಿ ಹಾಕುತ್ತದೆ ಎಂದು ತೋರಿಸಿದರು. 1885ರಲ್ಲಿ ಬುಡಾಪೆಸ್ಟಿನ ಗಾಂಝ್ ಕಂಪನಿಯ ಮೂವರು ಎಂಜಿನಿಯರುಗಳು ಮುಚ್ಚಿದ ಕಬ್ಬಿಣದ ತಿರುಳಿನ ಟ್ರಾನ್ಸ್‌ಫಾರ್ಮರ್ ಮಾಡಿದರು. 1886ರ ಮಾರ್ಚಿನಲ್ಲಿ ವಿಲಿಯಂ ಸ್ಟ್ಯಾನ್ಲಿ ಅಮೆರಿಕದ ಗ್ರೇಟ್ ಬ್ಯಾರಿಂಗ್ಟನ್ ಊರಿಗೆ ಎ.ಸಿ. ದೀಪ ಹಾಕಿಸಿದರು. ಎ.ಸಿ. ವ್ಯಾಪಾರಕ್ಕೆ ಇಳಿಯಿತು, ಜೊತೆಗೇ ಲೆಕ್ಕದ ಗೋಳೂ ಶುರುವಾಯಿತು.

ಗೋಳು ಎಂಥದು ಎಂಬುದನ್ನು ಹಳೆಯ ಟ್ಯೂಬ್‌ಲೈಟಿನಲ್ಲೇ ನೋಡಬಹುದು. ನಾಲ್ಕಡಿಯ 40 ವ್ಯಾಟಿನ ಟ್ಯೂಬಿಗೆ ತಾಮ್ರದ ಚೋಕ್ ಹಾಕಿದ ಕಾಲ ಇನ್ನೂ ಬಹಳ ಹಿಂದಿನದಲ್ಲ. ಮನೆಯ 230 ವೋಲ್ಟಿಗೆ ಜೋಡಿಸಿ, ಉರಿಯುವಾಗ ಟ್ಯೂಬಿನ ಎರಡು ತುದಿಗಳ ನಡುವೆ ಮೀಟರು ಹಿಡಿದರೆ ನೂರರ ಆಚೀಚೆ ತೋರಿಸುತ್ತದೆ. ಚೋಕಿನ ಎರಡು ತುದಿಗಳಿಗೆ ಹಿಡಿದರೆ ಇನ್ನೂರರ ಮೇಲೆ. ಎರಡನ್ನೂ ಕೂಡಿದರೆ ಮುನ್ನೂರು ದಾಟುತ್ತದೆ, ಬಂದದ್ದು ಮಾತ್ರ 230. ಮೀಟರು ಕೆಟ್ಟಿಲ್ಲ. ಟ್ಯೂಬಿನ ವೋಲ್ಟೇಜು ಕರೆಂಟಿನ ಜೊತೆಜೊತೆಗೆ ಏರಿಳಿಯುತ್ತದೆ, ಚೋಕಿನದು ಕಾಲು ಸುತ್ತು ಮುಂಚೆಯೇ ಏರುತ್ತದೆ. ಎರಡೂ ಒಟ್ಟಿಗೆ ತುತ್ತತುದಿ ಮುಟ್ಟುವುದಿಲ್ಲವಾದ್ದರಿಂದ ಅವನ್ನು ನೇರವಾಗಿ ಕೂಡುವ ಹಾಗಿಲ್ಲ. ಲಂಬಕೋನ ತ್ರಿಭುಜದ ಎರಡು ಬಾಹುಗಳೆಂದು ತಿಳಿದು ವರ್ಗಗಳನ್ನು ಕೂಡಿ ವರ್ಗಮೂಲ ತೆಗೆದರೆ 230ರ ಹತ್ತಿರ ಬರುತ್ತದೆ. ಕರೆಂಟು ಸುಮಾರು 0.43 ಆಂಪಿಯರ್, ಚೋಕಿನ 205 ವೋಲ್ಟನ್ನು ಅದರಿಂದ ಭಾಗಿಸಿದರೆ 475 ಓಮ್ ಚಿಲ್ಲರೆ ರಿಯಾಕ್ಟೆನ್ಸ್, ಅದನ್ನು 314ರಿಂದ ಭಾಗಿಸಿದರೆ ಸುಮಾರು ಒಂದೂವರೆ ಹೆನ್ರಿ ಇಂಡಕ್ಟೆನ್ಸ್. ಟ್ಯೂಬಿನೊಳಗಿನ ವಿಸರ್ಜನೆ ನಯವಾದ ಅಲೆಯಲ್ಲ, ಆದ್ದರಿಂದ ಇದು ಅಂದಾಜು ಲೆಕ್ಕ. ಆದರೂ ಮೀಟರಿನ ಮುಂದೆ ಸರಿಹೊಂದುತ್ತದೆ. ಇಷ್ಟು ಕೆಲಸ ಮಾಡಿಯೂ ಚೋಕ್ ಹೆಚ್ಚು ಬಿಸಿಯಾಗುವುದಿಲ್ಲ ಎಂಬುದೇ ಅದರ ಹೆಚ್ಚುಗಾರಿಕೆ. ಅದೇ 475 ಓಮ್‌ನ ರೋಧ ಇಟ್ಟಿದ್ದರೆ ಟ್ಯೂಬಿಗಿಂತ ಎರಡು ಪಟ್ಟು ವಿದ್ಯುತ್ತನ್ನು ಅದೇ ಸುಟ್ಟುಹಾಕುತ್ತಿತ್ತು.

1880ರ ದಶಕದ ಎಂಜಿನಿಯರು ಇಂಥ ಮೀಟರ್ ಓದುಗಳನ್ನು ನೋಡಿ ಕಂಗಾಲಾಗುತ್ತಿದ್ದ. ಓಮ್ ನಿಯಮ ಕೆಲಸ ಮಾಡುತ್ತಿಲ್ಲ, ವೋಲ್ಟನ್ನು ಆಂಪಿಯರಿನಿಂದ ಗುಣಿಸಿದರೆ ವ್ಯಾಟ್ ಬರುತ್ತಿಲ್ಲ. ಸರಿಯಾದ ಉತ್ತರ ಬೇಕಾದರೆ ಅವಕಲ ಸಮೀಕರಣ ಬಿಡಿಸಬೇಕು, ಆ ಗಣಿತ ವರ್ಕ್‌ಶಾಪಿನಿಂದ ಮೇಲೆ ಬಂದವರಿಗೆ ಗೊತ್ತಿರಲಿಲ್ಲ. ಎರಡು ಸುರುಳಿ, ಒಂದು ರೋಧ, ಕವಲೊಡೆದ ಮಂಡಲ ಇಷ್ಟಿದ್ದರೂ ಪುಟಗಟ್ಟಲೆ ಸೈನ್, ಕೊಸೈನ್. ಇಂಗ್ಲೆಂಡಿನ ಥಾಮಸ್ ಬ್ಲೇಕ್ಸ್‌ಲಿ 1885ರಲ್ಲಿ ‘ದಿ ಎಲೆಕ್ಟ್ರಿಷಿಯನ್’ ಪತ್ರಿಕೆಯಲ್ಲಿ ಒಂದು ಸುಲಭ ದಾರಿ ತೋರಿಸಿದರು. ಪ್ರತಿ ವೋಲ್ಟೇಜನ್ನೂ ಒಂದು ಗೆರೆಯಾಗಿ, ಅದರ ಮುಂಚುಹಿಂಚನ್ನು ಕೋನವಾಗಿ ಕಾಗದದ ಮೇಲೆ ಎಳೆದು, ಅಳತೆಪಟ್ಟಿಯಿಂದ ಉತ್ತರ ಅಳೆದುಕೊಳ್ಳುವ ದಾರಿ ಅದು. ಇಂದಿನ ಫೇಸರ್ ಚಿತ್ರ ಅದರದೇ ಮುಂದುವರಿಕೆ. ಸರಳ ಮಂಡಲಕ್ಕೆ ಇದು ಸಾಕಿತ್ತು. ಉದ್ದದ ಲೈನು, ಹತ್ತಾರು ಕವಲು ಬಂದರೆ ಕಾಗದ ಸಾಲುತ್ತಿರಲಿಲ್ಲ, ಪೆನ್ಸಿಲಿನ ಮೊನೆಯ ದಪ್ಪವೂ ಉತ್ತರದಲ್ಲಿ ಸೇರಿಕೊಳ್ಳುತ್ತಿತ್ತು.

ಅದೇ ಪತ್ರಿಕೆಯಲ್ಲಿ ಇನ್ನೊಬ್ಬರು ಬರೆಯುತ್ತಿದ್ದರು, ಹೆಚ್ಚಿನವರಿಗೆ ಅರ್ಥವಾಗುತ್ತಿರಲಿಲ್ಲ. ಆಲಿವರ್ ಹೆವಿಸೈಡ್ ಮೊದಲು ಟೆಲಿಗ್ರಾಫ್ ಆಪರೇಟರು. 1874ರಲ್ಲಿ ಕೆಲಸ ಬಿಟ್ಟು, ಅಪ್ಪ ಅಮ್ಮನ ಮನೆಯಲ್ಲಿ ಕೂತು ಮ್ಯಾಕ್ಸ್‌ವೆಲ್‌ರ ಪುಸ್ತಕವನ್ನು ತಾವೇ ಓದಿ ಅರಗಿಸಿಕೊಂಡವರು. ಇಂಡಕ್ಟೆನ್ಸ್, ಇಂಪೀಡೆನ್ಸ್ (ರೋಧವೂ ಸೇರಿದ ಒಟ್ಟು ತಡೆ) ಎಂಬ ಹೆಸರುಗಳು 1886ರಲ್ಲಿ ಅವರ ಲೇಖನಗಳಿಂದಲೇ ಬಂದವು. ಕಾಲದ ಜೊತೆಗೆ ಬದಲಾಗುವ ದರವನ್ನು ಒಂದು ಅಕ್ಷರದಂತೆ ಬರೆದು, ಅದನ್ನು ಸಾಮಾನ್ಯ ಸಂಖ್ಯೆಯಂತೆ ಗುಣಿಸಿ ಭಾಗಿಸುವ ಅವರ ಪದ್ಧತಿ ಗಣಿತಜ್ಞರಿಗೆ ಉದ್ಧಟತನವಾಗಿ ಕಂಡಿತು. ಬ್ರಿಟಿಷ್ ಅಂಚೆ ಇಲಾಖೆಯ ವಿದ್ಯುತ್ ಮುಖ್ಯಸ್ಥ ವಿಲಿಯಂ ಪ್ರೀಸ್‌ಗೆ ಸ್ವಯಂಪ್ರೇರಣೆ ಅಂದರೆ ತೊಲಗಿಸಬೇಕಾದ ಪೀಡೆ. ದೂರದ ಟೆಲಿಫೋನ್ ಲೈನಿನಲ್ಲಿ ಮಾತು ಕಲಸಿಹೋಗದಂತೆ ಕಾಪಾಡುವುದು ಇಂಡಕ್ಟೆನ್ಸೇ, ಅದನ್ನು ಬೇಕೆಂದೇ ಸೇರಿಸಬೇಕು ಎಂದು 1887ರಲ್ಲಿ ಹೆವಿಸೈಡ್ ವಾದಿಸಿದರು. ಪತ್ರಿಕೆ ಅವರ ಲೇಖನಮಾಲೆಯನ್ನೇ ನಿಲ್ಲಿಸಿತು. ಹದಿಮೂರು ವರ್ಷದ ನಂತರ ಅಮೆರಿಕದಲ್ಲಿ ಪ್ಯೂಪಿನ್ ಮತ್ತು ಕ್ಯಾಂಬೆಲ್ ಟೆಲಿಫೋನ್ ಲೈನಿಗೆ ಸುರುಳಿಗಳನ್ನು ಸೇರಿಸಿ ತೋರಿಸಿದಾಗ ಯಾರ ಮಾತು ಸರಿ ಎಂಬುದು ಇತ್ಯರ್ಥವಾಯಿತು; ಪೇಟೆಂಟಿನ ಹಣ ಪ್ಯೂಪಿನ್‌ಗೆ ಹೋಯಿತು.

ಅಳತೆಯ ಮಾನವೂ ಆಗ ಗೊಂದಲದಲ್ಲಿತ್ತು. ಆಗಿನ ಸೆಂಟಿಮೀಟರ್-ಗ್ರಾಂ ಪದ್ಧತಿಯಲ್ಲಿ ಇಂಡಕ್ಟೆನ್ಸಿನ ಮಾನ ಉದ್ದದ ಮಾನವೇ ಆಗಿಬರುತ್ತಿತ್ತು, ಹಾಗಾಗಿ ಸುರುಳಿಯ ಇಂಡಕ್ಟೆನ್ಸನ್ನು ಸೆಂಟಿಮೀಟರುಗಳಲ್ಲಿ ಹೇಳುವುದಿತ್ತು. ನೂರು ಕೋಟಿ ಸೆಂಟಿಮೀಟರು ಸೇರಿದರೆ ಒಂದು ‘ಕ್ವಾಡ್ರಂಟ್’, ಅಂದರೆ ಧ್ರುವದಿಂದ ಭೂಮಧ್ಯರೇಖೆಯವರೆಗಿನ ದೂರ. ಇದು ವಿಜ್ಞಾನಿಗೆ ಚೆಂದ, ವರ್ಕ್‌ಶಾಪಿಗೆ ವಿಪರೀತ. ಲಂಡನ್ನಿನ ಏರ್ಟನ್ ಮತ್ತು ಪೆರಿ ಇದೇ ಅಳತೆಗೆ ‘ಸೆಕೋಮ್’ ಎಂಬ ಹೆಸರು ಬಳಸಿದರು, ಸೆಕೆಂಡು ಗುಣಿಸು ಓಮ್ ಎಂಬರ್ಥದಲ್ಲಿ. ಹೆಸರು ಬಾಳಲಿಲ್ಲ, ಆದರೆ ರಿಯಾಕ್ಟೆನ್ಸ್ ಏಕೆ ಓಮ್‌ಗಳಲ್ಲಿ ಬರುತ್ತದೆ ಎಂಬುದನ್ನು ಇಷ್ಟು ಸ್ಪಷ್ಟವಾಗಿ ಇನ್ನಾವ ಮಾನವೂ ಹೇಳಿಲ್ಲ. ಸೆಕೆಂಡು-ಓಮನ್ನು ‘ಸೆಕೆಂಡಿಗೆ ಇಷ್ಟು’ ಎಂಬ ಆವೃತ್ತಿಯಿಂದ ಗುಣಿಸಿದರೆ ಸೆಕೆಂಡು ಹೊಡೆದುಹೋಗಿ ಓಮ್ ಉಳಿಯುತ್ತದೆ.

1893 ಈ ಕಥೆಯ ದೊಡ್ಡ ವರ್ಷ. ಏಪ್ರಿಲಿನಲ್ಲಿ ಅಮೆರಿಕದ ವಿದ್ಯುತ್ ಎಂಜಿನಿಯರುಗಳ ಸಂಘದ ಮುಂದೆ ಆರ್ಥರ್ ಕೆನೆಲಿ ಇಂಪೀಡೆನ್ಸ್ ಕುರಿತ ಪ್ರಬಂಧ ಓದಿದರು. ಕೆನೆಲಿ 1861ರಲ್ಲಿ ಮುಂಬಯಿಯ ಕೊಲಾಬಾದಲ್ಲಿ ಹುಟ್ಟಿದವರು, ಎಡಿಸನ್ನರ ಪ್ರಯೋಗಶಾಲೆಯಲ್ಲಿ ಕೆಲಸಕ್ಕಿದ್ದರು. ಡಿ.ಸಿ.ಯ ಪರವಾಗಿ ಎಡಿಸನ್ ಅಷ್ಟು ಕಾದಾಡಿದ ಮೇಲೆ ಎ.ಸಿ.ಯ ಲೆಕ್ಕವನ್ನು ಹಗುರ ಮಾಡಿದ್ದು ಅವರ ಸಹಾಯಕನೇ ಎಂಬುದು ತಮಾಷೆಯ ವಿಷಯ. ರೋಧವನ್ನು ಸಾಮಾನ್ಯ ಸಂಖ್ಯೆಯಾಗಿಯೂ ಸುರುಳಿಯ ಪಾಲನ್ನು ಋಣ ಒಂದರ ವರ್ಗಮೂಲದಿಂದ ಗುಣಿಸಿದ ಸಂಖ್ಯೆಯಾಗಿಯೂ ಬರೆದರೆ, ಎರಡೂ ಸೇರಿದ ಸಂಕೀರ್ಣ ಸಂಖ್ಯೆಗೆ ಓಮ್ ನಿಯಮ ಹಾಗೇ ಒಪ್ಪುತ್ತದೆ ಎಂದು ಅವರು ತೋರಿಸಿದರು. ಅದೇ ವರ್ಷ ಫ್ರಾನ್ಸಿನ ಎಡ್ವಾರ್ ಆಸ್ಪಿತಾಲಿಯೇ ಸುರುಳಿಯ ಪಾಲಿಗೆ ರಿಯಾಕ್ಟೆನ್ಸ್ ಎಂಬ ಹೆಸರು ಸೂಚಿಸಿದರು, ಮರುವರ್ಷ ಅಮೆರಿಕದ ಸಂಘ ಅದನ್ನು ಒಪ್ಪಿಕೊಂಡಿತು.

ಆಗಸ್ಟಿನಲ್ಲಿ ಶಿಕಾಗೋದಲ್ಲಿ ಅಂತಾರಾಷ್ಟ್ರೀಯ ವಿದ್ಯುತ್ ಸಮ್ಮೇಳನ ನೆರೆಯಿತು. ಇಂಡಕ್ಟೆನ್ಸಿನ ಮಾನಕ್ಕೆ ಹೆನ್ರಿಯ ಹೆಸರಿಟ್ಟದ್ದು ಅಲ್ಲಿ. ಹೆನ್ರಿ ತೀರಿಕೊಂಡು ಆಗಲೇ ಹದಿನೈದು ವರ್ಷವಾಗಿತ್ತು. ಅದೇ ಸಮ್ಮೇಳನದಲ್ಲಿ ಚಾರ್ಲ್ಸ್ ಸ್ಟೈನ್‌ಮೆಟ್ಸ್ ಸಂಕೀರ್ಣ ಸಂಖ್ಯೆಗಳನ್ನು ವಿದ್ಯುತ್ ಎಂಜಿನಿಯರಿಂಗಿನಲ್ಲಿ ಬಳಸುವ ಬಗ್ಗೆ ದೀರ್ಘ ಪ್ರಬಂಧ ಮಂಡಿಸಿದರು. ಇವರು ಜರ್ಮನಿಯ ಬ್ರೆಸ್ಲಾವಿನವರು, ಸಮಾಜವಾದಿ ಪತ್ರಿಕೆಯ ನಂಟಿನಿಂದಾಗಿ 1888ರಲ್ಲಿ ಊರು ಬಿಟ್ಟು, ಝೂರಿಕ್ ಹಾದು, 1889ರಲ್ಲಿ ನ್ಯೂಯಾರ್ಕಿಗೆ ಬಂದಿಳಿದವರು. ಕೆನೆಲಿ ತೋರಿಸಿದ ದಾರಿಯನ್ನು ಕರೆಂಟು, ವೋಲ್ಟೇಜುಗಳಿಗೂ ಹಬ್ಬಿಸಿ, ಟ್ರಾನ್ಸ್‌ಫಾರ್ಮರ್, ಮೋಟಾರು, ಉದ್ದದ ಲೈನು ಎಲ್ಲಕ್ಕೂ ಅಳವಡಿಸಿ, ಉದಾಹರಣೆಗಳೊಂದಿಗೆ ಬಿಡಿಸಿಟ್ಟದ್ದು ಅವರ ಸಾಧನೆ. 1897ರಲ್ಲಿ ಬಂದ ಅವರ ಪುಸ್ತಕ ಒಂದು ಪೀಳಿಗೆಯ ಎಂಜಿನಿಯರುಗಳಿಗೆ ಈ ಪಾಠ ಕಲಿಸಿತು. ಅವಕಲ ಸಮೀಕರಣ ಮೇಜಿನಿಂದ ಇಳಿಯಿತು. ರೋಧ 3, ರಿಯಾಕ್ಟೆನ್ಸ್ 4 ಇದ್ದರೆ ‘3 ಕೂಡಿಸು ಜೆ 4’ ಎಂದು ಬರೆದರಾಯಿತು (ಜೆ ಅಂದರೆ ಆ ಋಣ ಒಂದರ ವರ್ಗಮೂಲ), ಒಟ್ಟು ಇಂಪೀಡೆನ್ಸ್ 5. ಇನ್ನೊಂದು ಸುರುಳಿ ಸರಣಿಯಲ್ಲಿ ಸೇರಿದರೆ ಬಿಡಿಬಿಡಿಯಾಗಿ ಕೂಡಿದರಾಯಿತು. ಕೂಡು, ಕಳೆ, ಗುಣಿಸು, ಭಾಗಿಸು ಬಂದರೆ ಸಾಕು.

ಮೊದಲು ಯೋಚಿಸಿದವರು ಯಾರು ಎಂದು ಕೇಳಿದರೆ ಮ್ಯಾಕ್ಸ್‌ವೆಲ್ ಮತ್ತು ಹೆವಿಸೈಡ್‌ರ ಹೆಸರು ಹೇಳಬೇಕು. ಸ್ಟೈನ್‌ಮೆಟ್ಸ್‌ಗೆ ಸಲ್ಲುವ ಕೀರ್ತಿ ಕಲಿಸಿದವರ ಕೀರ್ತಿ. ಆದರೆ ಕಲಿಸುವಿಕೆ ಇಲ್ಲದೆ ಇಪ್ಪತ್ತೈದು ವರ್ಷ ಆ ಗಣಿತ ಕಪಾಟಿನಲ್ಲೇ ಕೂತಿತ್ತಲ್ಲ, ಅದನ್ನು ನೋಡಿದರೆ ಈ ಕೀರ್ತಿ ಸಣ್ಣದಲ್ಲ.

ಲೆಕ್ಕ ಕೈಗೆ ಬಂದದ್ದು ತಕ್ಕ ಹೊತ್ತಿನಲ್ಲಿ. ಸೂತ್ರದಲ್ಲಿ ಆವೃತ್ತಿ ಇದೆಯಲ್ಲ, ಯಾವ ಆವೃತ್ತಿ ಎಂಬುದೇ ಆಗ ತೀರ್ಮಾನವಾಗಿರಲಿಲ್ಲ. ಅಮೆರಿಕದ ಮೊದಲ ದೀಪದ ಯಂತ್ರಗಳು ಸೆಕೆಂಡಿಗೆ 125, 133 ಸೈಕಲ್ಲಿನಲ್ಲಿ ಓಡುತ್ತಿದ್ದವು. ದೀಪ ಮಿನುಗುತ್ತಿರಲಿಲ್ಲ, ಟ್ರಾನ್ಸ್‌ಫಾರ್ಮರ್ ಚಿಕ್ಕದಾಗುತ್ತಿತ್ತು, ಆದರೆ ಲೈನಿನ ರಿಯಾಕ್ಟೆನ್ಸ್ ವಿಪರೀತ. 1891ರಲ್ಲಿ ಲಾಫೆನ್‌ನಿಂದ ಫ್ರಾಂಕ್‌ಫರ್ಟಿಗೆ 175 ಕಿಲೋಮೀಟರು ವಿದ್ಯುತ್ ಕಳಿಸಿದವರು 40 ಸೈಕಲ್ಲಿಗೆ ಇಳಿದರು. ನಯಾಗರದಲ್ಲಿ ಟರ್ಬೈನಿನ ವೇಗ ಮೊದಲೇ ನಿಮಿಷಕ್ಕೆ 250 ಸುತ್ತು ಎಂದು ನಿಗದಿಯಾಗಿತ್ತು. ಹನ್ನೆರಡು ಧ್ರುವಗಳ ಜನರೇಟರ್ ಕೂರಿಸಿ 25 ಸೈಕಲ್ ತೆಗೆದರು. ನಯಾಗರದ ಗಾತ್ರದಿಂದಾಗಿ 25 ಎಂಬುದು ದೊಡ್ಡ ಜಲವಿದ್ಯುತ್ತಿಗೆ ಒಂದು ಮಾದರಿಯಾಯಿತು.

ಮೈಸೂರು ಸಂಸ್ಥಾನ ಈ ಕಥೆಗೆ ಬರುವುದು ಇಲ್ಲಿ. ದಿವಾನ್ ಶೇಷಾದ್ರಿ ಅಯ್ಯರ್‌ರ ಕಾಲದಲ್ಲಿ ಜೋಲಿ ದ ಲೋಬಿನಿಯೇರ್ ರೂಪಿಸಿದ ಕಾವೇರಿ ಯೋಜನೆಗೆ ವಿದ್ಯುತ್ ಯಂತ್ರಗಳನ್ನು ಕೊಟ್ಟದ್ದು ಜನರಲ್ ಎಲೆಕ್ಟ್ರಿಕ್, ಅಂದರೆ ಸ್ಟೈನ್‌ಮೆಟ್ಸ್ ಆಗ ಕೆಲಸ ಮಾಡುತ್ತಿದ್ದ ಕಂಪನಿ. 1902ರ ಜೂನ್ ಕೊನೆಗೆ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗಳಿಗೆ 92 ಮೈಲಿ, ಅಂದರೆ ಸುಮಾರು 148 ಕಿಲೋಮೀಟರು, 35,000 ವೋಲ್ಟಿನಲ್ಲಿ ವಿದ್ಯುತ್ ಹರಿಯಿತು. ಆವೃತ್ತಿ 25 ಸೈಕಲ್. ಅಷ್ಟು ಕಡಿಮೆ ಏಕೆ ಎಂಬುದನ್ನು ಒಂದು ಅಂದಾಜು ಲೆಕ್ಕದಲ್ಲೇ ಕಾಣಬಹುದು. ಕಂಬಗಳ ಮೇಲಿನ ಮೂರು ಫೇಸಿನ ಲೈನಿಗೆ ಕಿಲೋಮೀಟರಿಗೆ ಸುಮಾರು 1.2 ಮಿಲಿಹೆನ್ರಿ ಇಂಡಕ್ಟೆನ್ಸ್ ಇರುತ್ತದೆ. ತಂತಿಯ ದಪ್ಪ, ತಂತಿಗಳ ನಡುವಿನ ಅಂತರ ಬದಲಾದರೂ ಈ ಸಂಖ್ಯೆ ಹೆಚ್ಚು ಕದಲುವುದಿಲ್ಲ, ಏಕೆಂದರೆ ಅವು ಸೂತ್ರದಲ್ಲಿ ಲಾಗರಿದಮ್ಮಿನೊಳಗೆ ಅಡಗಿವೆ. 148 ಕಿಲೋಮೀಟರಿಗೆ 178 ಮಿಲಿಹೆನ್ರಿ. 25 ಸೈಕಲ್ಲಿಗೆ ಎರಡು ಪೈ ಎಫ್ ಅಂದರೆ 157. ಗುಣಿಸಿದರೆ 28 ಓಮ್. ಅದೇ ಲೈನು 60 ಸೈಕಲ್ಲಿಗೆ 67 ಓಮ್, 133ಕ್ಕೆ 149 ಓಮ್ ಒಡ್ಡುತ್ತಿತ್ತು. ಒಂದೇ ಸಾಲಿನಲ್ಲಿ 50 ಆಂಪಿಯರ್ ಹರಿಯಿತು ಎಂದಿಟ್ಟುಕೊಂಡರೆ, 25 ಸೈಕಲ್ಲಿನಲ್ಲಿ ಪ್ರತಿ ಫೇಸಿಗೆ ರಿಯಾಕ್ಟೆನ್ಸ್ ನುಂಗುವುದು 1,400 ವೋಲ್ಟ್. ಫೇಸಿನ ಒಟ್ಟು ವೋಲ್ಟೇಜು 20,200, ಅದರಲ್ಲಿ ಇದು ಏಳು ಶೇಕಡ. 60 ಸೈಕಲ್ಲಾಗಿದ್ದರೆ 3,350 ವೋಲ್ಟ್. ಟ್ಯೂಬ್‌ಲೈಟಿನ ಚೋಕಿನಲ್ಲಿ ಆದಂತೆಯೇ ಇದೂ ಲಂಬಕೋನದಲ್ಲಿ ಕೂಡುವುದರಿಂದ, ಹೊರೆ ಬರೀ ದೀಪಗಳದ್ದಾದರೆ ಪೆಟ್ಟು ಅಷ್ಟಾಗಿ ತಾಗುವುದಿಲ್ಲ. ಮೋಟಾರುಗಳು ಕರೆಂಟನ್ನು ಹಿಂದೆ ಎಳೆಯುತ್ತವೆ. ಗಣಿಯಲ್ಲಿ ಮೋಟಾರಿಗೆ ಕೊಟ್ಟಾಗ ಈ ವೋಲ್ಟೇಜಿನ ಅರ್ಧಕ್ಕಿಂತ ಹೆಚ್ಚು ನೇರವಾಗಿ ಕಡಿತವಾಗುತ್ತದೆ. ರೋಧದ ನಷ್ಟ ತಗ್ಗಿಸಲು ದಪ್ಪ ತಾಮ್ರ ಹಾಕಬಹುದು, ರಿಯಾಕ್ಟೆನ್ಸಿಗೆ ಆ ಉಪಾಯ ನಡೆಯುವುದಿಲ್ಲ. ವೋಲ್ಟೇಜು ಅಷ್ಟೇ ಇದ್ದರೆ ಆವೃತ್ತಿ ಇಳಿಸುವುದೇ ದಾರಿ.

25 ಸೈಕಲ್ಲಿಗೆ ಅದರದೇ ದೋಷವಿತ್ತು. 1905ರ ಆಗಸ್ಟಿನಲ್ಲಿ ಬೆಂಗಳೂರಿನ ಬೀದಿಗಳಿಗೆ ಶಿವನಸಮುದ್ರದ ವಿದ್ಯುತ್ ಬಂದಾಗ ಬಂದದ್ದೂ ಇದೇ ನಿಧಾನದ ಕರೆಂಟು. ಇಷ್ಟು ಕಡಿಮೆ ಆವೃತ್ತಿಯಲ್ಲಿ ದೀಪದ ಮಿನುಗು ಕಣ್ಣಿಗೆ ತಿಳಿಯುವುದುಂಟು, ಟ್ರಾನ್ಸ್‌ಫಾರ್ಮರುಗಳೂ ಭಾರ. ದೇಶವೆಲ್ಲ 50ಕ್ಕೆ ಒಗ್ಗಿಕೊಂಡ ಮೇಲೆ ಮೈಸೂರೂ ಒಗ್ಗಿಕೊಂಡಿತು. ಆವೃತ್ತಿ 25ರಿಂದ 50ಕ್ಕೆ ಏರಿದರೆ, ಒಂದು ತಂತಿಯನ್ನೂ ಮುಟ್ಟದೆ ಪ್ರತಿ ಲೈನಿನ ರಿಯಾಕ್ಟೆನ್ಸ್ ಇಮ್ಮಡಿಯಾಗುತ್ತದೆ. ಅದಕ್ಕೆ ಪರಿಹಾರ ಹೆಚ್ಚಿನ ವೋಲ್ಟೇಜಿನಲ್ಲಿದೆ. ವೋಲ್ಟೇಜು ಇಮ್ಮಡಿಯಾದರೆ ಕರೆಂಟು ಅರ್ಧ, ನುಂಗುವ ಪಾಲು ಶೇಕಡದ ಲೆಕ್ಕದಲ್ಲಿ ಕಾಲುಭಾಗ.

ಈ ಲೆಕ್ಕ ಬೆಂಗಳೂರಿನಲ್ಲೇ ಪಾಠವಾದದ್ದು 1911ರಲ್ಲಿ ತರಗತಿ ತೆರೆದ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ. ಅಲ್ಲಿನ ವಿದ್ಯುತ್ ತಂತ್ರಜ್ಞಾನ ವಿಭಾಗಕ್ಕೆ ಪ್ರಾಧ್ಯಾಪಕರಾಗಿ ಬಂದ ಆಲ್ಫ್ರೆಡ್ ಹೇ ಅದಕ್ಕೆ ಮೊದಲೇ ಎ.ಸಿ. ಕುರಿತು ಪಠ್ಯಪುಸ್ತಕ ಬರೆದಿದ್ದರು. ಆ ಹೊತ್ತಿಗೆ ಎಂಜಿನಿಯರುಗಳ ಕೈಪಿಡಿಗಳಲ್ಲಿ ತಂತಿಯ ಗೇಜು, ಅಂತರ, ಆವೃತ್ತಿಗೆ ತಕ್ಕಂತೆ ಮೈಲಿಗೆ ಎಷ್ಟು ಓಮ್ ಎಂಬ ಕೋಷ್ಟಕಗಳು ಅಚ್ಚಾಗುತ್ತಿದ್ದವು. ಕೋಷ್ಟಕ ನೋಡಿ, ಸ್ಲೈಡ್ ರೂಲಿನಲ್ಲಿ ಗುಣಿಸಿದರೆ ಮುಗಿಯಿತು.

1920ರ ದಶಕದಲ್ಲಿ ಕಾಟದ ಈ ರಿಯಾಕ್ಟೆನ್ಸೇ ಅಳತೆಗೋಲಾಯಿತು. ಲೈನಿನಲ್ಲಿ ಎಲ್ಲೋ ಶಾರ್ಟ್ ಆದಾಗ ಎಷ್ಟು ದೂರದಲ್ಲಿ ಎಂದು ಸ್ಟೇಷನ್ನಿನಿಂದಲೇ ತಿಳಿಯುವ ಡಿಸ್ಟೆನ್ಸ್ ರಿಲೇಗಳು ಆಗ ಬಂದವು. ತಂತಿ ಮರಕ್ಕೆ ತಾಗಿರಲಿ, ನಡುವೆ ಆರ್ಕ್ ಉರಿಯುತ್ತಿರಲಿ, ಅದರಿಂದ ಹೆಚ್ಚುವುದು ಮುಖ್ಯವಾಗಿ ರೋಧ. ರಿಯಾಕ್ಟೆನ್ಸ್ ತಂತಿಯ ಉದ್ದಕ್ಕೆ ತಕ್ಕಷ್ಟೇ ಇರುತ್ತದೆ. ಸ್ಟೇಷನ್ನಿನಲ್ಲಿ ವೋಲ್ಟೇಜು, ಕರೆಂಟು, ಅವುಗಳ ನಡುವಿನ ಕೋನ ಅಳೆದು ರಿಯಾಕ್ಟೆನ್ಸ್ 24 ಓಮ್ ಎಂದು ಬಂದರೆ, ಕಿಲೋಮೀಟರಿಗೆ ಸುಮಾರು 0.4 ಓಮ್‌ನ ಲೈನಿನಲ್ಲಿ ಗ್ಯಾಂಗಿನವರು ಹೊರಡಬೇಕಾದದ್ದು ಅರವತ್ತನೆಯ ಕಿಲೋಮೀಟರಿನ ಕಡೆಗೆ.